ನಮ್ಮ ಶ್ರುತಿಗೆ ಒಂದು ಪುಟ್ಟ ಪಿಯಾನೊ

ನಮಸ್ಕಾರ. ತೀರ್ಥಹಳ್ಳಿ ಕಡೆ ಮಳೆ ಬಿಡುವ ಲಕ್ಷಣ ಇಲ್ಲ. ಹಂಚಿನ ಮೇಲಿನ ಸದ್ದು ಮೈಕಿಗೂ ಬರುತ್ತಿದೆ, ಇರಲಿ ಬಿಡಿ. ಮೇಜಿನ ಮೇಲಿರುವುದು ಆರ್ಡುಯಿನೊ ಊನೊ ಅನ್ನುವ, ನಾವೇ ಕೋಡ್ ಬರೆದು ಹಾಕಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಇಟ್ಟು ಮನೆಯಲ್ಲೇ ಮಾಡಿದ ಎಂಟು ಕೀ ಪಿಯಾನೊ.

ಕೀಗಳನ್ನು ನೋಡಿ. ಅಡಿಕೆ ಮರದ ದಬ್ಬೆ ಸೀಳಿ, ಉಜ್ಜಿ ನುಣುಪು ಮಾಡಿದ್ದು. ದಬ್ಬೆ ಮಾತ್ರ ಚೆನ್ನಾಗಿ ಒಣಗಿರಬೇಕು. ಈ ಥಂಡಿಯಲ್ಲಿ ಹಸಿ ದಬ್ಬೆ ಬೂಷ್ಟು ಹಿಡಿಯುತ್ತದೆ, ಸೊಟ್ಟಗೂ ಆಗುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಒಣಗಿದ್ದು ಇದು. ಪ್ರತಿ ಕೀ ಅಡಿಗೆ ತಾಮ್ರದ ಟೇಪ್ ಅಂಟಿಸಿ, ಬೋರ್ಡಿನ ಒಂದೊಂದು ಪಿನ್‌ಗೆ ವೈರ್ ಕೊಟ್ಟಿದ್ದೇನೆ. ಒತ್ತಿದಾಗ ಟೇಪ್ ಕೆಳಗಿನ ಗ್ರೌಂಡ್ ಪಟ್ಟಿಗೆ ತಾಗುತ್ತದೆ. ಕೀ ಒತ್ತದೇ ಇರುವಾಗ ಪಿನ್ನನ್ನು ‘ಆನ್’ ಮಟ್ಟದಲ್ಲೇ ಹಿಡಿದಿಡುವ ಪುಲ್‌ಅಪ್ ರೆಸಿಸ್ಟರ್ ಬೋರ್ಡಿನ ಚಿಪ್ ಒಳಗೇ ಇದೆ, ಬೇರೆ ಹಾಕುವುದು ಬೇಡ. ಸ್ಪೀಕರ್ 8 ಓಮ್‌ನದು. ಅದನ್ನು ನೇರ ಪಿನ್‌ಗೆ ಸಿಕ್ಕಿಸಬೇಡಿ, ಕರೆಂಟ್ ಜಾಸ್ತಿ ಎಳೆದು ಚಿಪ್ ಹಾಳಾಗಬಹುದು. ಮಧ್ಯೆ 220 ಓಮ್ ರೆಸಿಸ್ಟರ್ ಇರಲಿ. ಸದ್ದು ಸಣ್ಣದಾಗುತ್ತದೆ, ಮನೆಯೊಳಗೆ ಅಷ್ಟು ಸಾಕು.

ನಾನು ಈ ವಿಡಿಯೊ ಮಾಡಿದ್ದೇ ಈ ಭಾಗಕ್ಕಾಗಿ. ಇಂಥ ಪಿಯಾನೊ ಕೋಡ್‌ಗಳಲ್ಲಿ ಸಾಮಾನ್ಯವಾಗಿ ಸ್ವರಗಳಿಗೆ 262, 294, 330 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ) ಅಂತ ಇರುತ್ತದೆ. ಒಂದು ಸ್ಥಾಯಿಯನ್ನು, ಅಂದರೆ ‘ಸ’ದಿಂದ ಮೇಲಿನ ‘ಸ’ವರೆಗಿನ ಅಂತರವನ್ನು, 12 ಸಮ ಪಾಲು ಮಾಡುವ ಪಾಶ್ಚಾತ್ಯ ಲೆಕ್ಕ ಅದು. ನಾವು ಹಾಡುವುದು ತಂಬೂರಿ ಜೊತೆ, ಅಲ್ವಾ? ಅಲ್ಲಿ ಪಂಚಮ (ಪ) ಅಂದರೆ ಷಡ್ಜದ (ಸ) ಒಂದೂವರೆ ಪಟ್ಟು. ಅಂತರ ಗಾಂಧಾರ (ಈ ರಾಗದ ಗ) ಒಂದೂಕಾಲು ಪಟ್ಟು. ಹಾಗಾಗಿ ನಾನು ‘ಸ’ಗೆ 240 ಹರ್ಟ್ಸ್ ಕೊಟ್ಟೆ. ಆಗ ಮಾಯಾಮಾಳವಗೌಳ ರಾಗದ ಸ್ವರಗಳು ಹೀಗೆ ಬರುತ್ತವೆ: ರಿ 256, ಗ 300, ಮ 320, ಪ 360, ದ 384, ನಿ 450, ಮೇಲಿನ ಸ 480. ಒಂದರಲ್ಲೂ ದಶಾಂಶ ಇಲ್ಲ! ಆರ್ಡುಯಿನೊದಲ್ಲಿ ಸ್ವರ ಹೊರಡಿಸುವ ಟೋನ್ ಫಂಕ್ಷನ್‌ಗೆ ಪೂರ್ಣ ಸಂಖ್ಯೆಯನ್ನೇ ಕೊಡಬೇಕು, ಹಾಗಾಗಿ ಇದು ಎಷ್ಟು ಅನುಕೂಲ ನೋಡಿ.

ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಶುರುವಾಗುವುದೇ ಈ ರಾಗದಲ್ಲಿ. ಆ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ಅವರು ನಮ್ಮ ತಾಲ್ಲೂಕಿನ ಆರಗದ ಕಡೆಯವರು ಎಂದು ತಜ್ಞರ ಸಮಿತಿಯೇ ಹೇಳಿದೆ. ಈ ಊರಲ್ಲಿ ಕೂತು ಆ ವರಸೆ ನುಡಿಸುವಾಗ ನನಗಂತೂ ತುಂಬಾ ಖುಷಿ.

ಸಮ ಪಾಲಿನ ಲೆಕ್ಕದಲ್ಲಿ ಗಾಂಧಾರ ಸುಮಾರು 302 ಆಗುತ್ತದೆ. ಎರಡು ಹರ್ಟ್ಸ್ ಏನು ಮಹಾ ಅನ್ನಿಸಬಹುದು. ಮೊಬೈಲಿನಲ್ಲಿ ತಂಬೂರಿ ಆಪ್ ಹಾಕಿ, ಶ್ರುತಿ ಕೂಡಿಸಿ, ಎರಡನ್ನೂ ನುಡಿಸುತ್ತೇನೆ. ಕೇಳಿ. ಮೊದಲನೆಯದು, 302ರದ್ದು, ಗಡಗಡ ನಡುಗುತ್ತದೆ. ಇನ್ನೊಂದು, ನಮ್ಮ 300, ಸುಮ್ನೆ ತಂಬೂರಿಯೊಳಗೆ ಕೂತುಬಿಡುತ್ತದೆ.

ಟೋನ್ ಫಂಕ್ಷನ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತದೆ. ಹಾಡುವ ಗಂಟಲಿಗೂ ಅಷ್ಟೇ, ನಮ್ಮ ಸಂಗೀತಕ್ಕೆ ಅದು ಕೊರತೆಯಲ್ಲ. ಬೇಕಾಗಿದ್ದು ಜಾರು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವುದು. ಹಾರ್ಮೋನಿಯಂ ಆಗಲಿ, ಪಿಯಾನೊ ಆಗಲಿ, ‘ಗ’ದಿಂದ ‘ಪ’ಗೆ ನೆಗೆಯಲೇಬೇಕು. ಇಲ್ಲಿ ಸ್ವರ ಅಂದರೆ ಒಂದು ಸಂಖ್ಯೆ. 300ರಿಂದ 360ರವರೆಗೆ ಎರಡೆರಡೇ ಹರ್ಟ್ಸ್ ಏರಿಸುತ್ತಾ ಹೋಗು ಎಂದು ಕೋಡಿನಲ್ಲಿ ಬರೆದರೆ ಆಯಿತು. ‘ಗ’ ಒತ್ತಿಕೊಂಡೇ ‘ಪ’ ಮುಟ್ಟುತ್ತೇನೆ. ಇಯರ್‌ಫೋನ್ ಹಾಕಿಕೊಳ್ಳಿ.