ಕವಚ ಹೆಣೆಯುವವರ ಊರು ಕುಬಾಚಿ

ಕೇಳುಗರಿಗೆ ನಮಸ್ಕಾರ. ರಷ್ಯಾದ ದಾಗೆಸ್ತಾನದಲ್ಲಿ, ಕಾಕಸಸ್ ಪರ್ವತದ ಇಳಿಜಾರಿಗೆ ಅಂಟಿಕೊಂಡಂತಿರುವ ಊರು ಕುಬಾಚಿ. ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಗೆ ಅಂಗಳವಾಗುವ ಈ ಊರಿನ ಕುರಿತು ನಾನು ಹೇಳಬೇಕಾದದ್ದು ಒಂದೇ ಮಾತು: ಕಸುಬೇ ಈ ಊರಿಗೆ ಹೆಸರು ಕೊಟ್ಟಿತು, ಅನ್ನವನ್ನೂ ಕೊಟ್ಟಿತು.

ಹಿಂದೆ ಪರ್ಷಿಯನ್ನರು ಇದನ್ನು ಜಿರಿಹ್‌ಗರಾನ್ ಎಂದು ಕರೆದರು. ಉಕ್ಕಿನ ಉಂಗುರಗಳನ್ನು ಹೆಣೆದು ಕವಚ ಮಾಡುವವರು ಎಂದು ಇದರರ್ಥ. ನಮ್ಮ 'ಸೌದಾಗರ'ದಲ್ಲಿರುವ 'ಗರ' ಪ್ರತ್ಯಯವೇ ಇಲ್ಲಿಯೂ ಇದೆ. ಅನಂತರ ತುರ್ಕಿ ಮಾತಿನವರು ಅದೇ ಅರ್ಥದಲ್ಲಿ ಕುಬಾಚಿ ಎಂದರು. ಆ 'ಚಿ' ನಮ್ಮ 'ಖಜಾಂಚಿ'ಯಲ್ಲಿಯೂ ಉಂಟು. ಊರಿನವರು ಮಾತ್ರ ತಮ್ಮ ಊರನ್ನು ಉಗ್ಬುಗ್ ಎನ್ನುತ್ತಾರೆ. 10ನೆಯ ಶತಮಾನದ ಅರಬ್ ಇತಿಹಾಸಕಾರ ಅಲ್ ಮಸೂದಿಯು ಇಲ್ಲಿನ ಕವಚ, ಕತ್ತಿ, ಕಡಿವಾಣಗಳನ್ನು ಹೆಸರಿಸಿದ್ದಾನೆ.

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿಗೆ ಬಂದ ಯುರೋಪಿನ ಸಂಗ್ರಾಹಕರು ಮನೆಯ ಗೋಡೆಗಳ ತುಂಬ ತೂಗುಹಾಕಿದ್ದ ನೀಲಿ, ಹಸಿರು ಬಣ್ಣದ ಪಿಂಗಾಣಿಯಂಥ ತಟ್ಟೆಗಳನ್ನು ಕಂಡು ಬೆರಗಾದರು, ಕೊಂಡುಕೊಂಡರು, ಇವು ಇಲ್ಲಿಯವೇ ಎಂದು ಭಾವಿಸಿ 'ಕುಬಾಚಿ ತಟ್ಟೆ' ಎಂದು ಹೆಸರಿಟ್ಟರು. ಆದರೆ ಅವೆಲ್ಲ ಇರಾನಿನಲ್ಲಿ 15ರಿಂದ 17ನೆಯ ಶತಮಾನದವರೆಗೆ ತಯಾರಾದವು. ಲೋಹದ ಕೆಲಸಕ್ಕೆ ಬದಲಾಗಿ ಅವು ಬೆಟ್ಟ ಹತ್ತಿ ಬಂದವೆಂದು ಹೇಳುತ್ತಾರೆ. ತಟ್ಟೆಯನ್ನು ಮಗುಚಿ ನೋಡಿದರೆ, ತೂಗುಹಾಕಲೆಂದು ತಳದ ಅಂಚಿನಲ್ಲಿ ಕೊರೆದ ರಂಧ್ರ ಹಲವುದರಲ್ಲಿ ಕಾಣುತ್ತದೆ. ಉಣ್ಣುವ ತಟ್ಟೆಯನ್ನು ಗೋಡೆಗೇರಿಸಿದ ಈ ಜನರ ಅಭಿರುಚಿಯನ್ನು ಬಿಟ್ಟು ಮಣ್ಣಿನ ಮೂಲವನ್ನಷ್ಟೇ ಚರ್ಚಿಸುವ ವಿದ್ವಾಂಸರ ಬಗ್ಗೆ, ಕ್ಷಮಿಸಿ, ನನಗೆ ಸ್ವಲ್ಪ ಬೇಸರವಿದೆ. ಆ ತಪ್ಪು ಹೆಸರು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಉಳಿದಿದೆ.

ಬಂದೂಕು ಬಂದಾಗ ಕವಚಕ್ಕೆ ಬೆಲೆ ಹೋಯಿತು, ಕಸುಬು ಹೋಗಲಿಲ್ಲ. ಬಂದೂಕು, ಬಾಕುಗಳನ್ನೇ ಇವರು ಬೆಳ್ಳಿಯಿಂದ ಅಲಂಕರಿಸಿದರು. ಕೆತ್ತಿದ ಗೆರೆಗಳಿಗೆ ಕಪ್ಪು ಲೋಹಮಿಶ್ರಣವನ್ನು ತುಂಬಿ, ಕಾಯಿಸಿ, ಉಜ್ಜುವ ಆ ಕೆಲಸದಲ್ಲಿ ನೆಟ್ಟಗೆ ಏರುವ ಕೊಂಬೆಯ ವಿನ್ಯಾಸಕ್ಕೆ ತುತ್ತಾ ಎಂದೂ ದಟ್ಟ ಪೊದೆಯ ವಿನ್ಯಾಸಕ್ಕೆ ಮರ್ಖರಾಯ್ ಎಂದೂ ಹೆಸರು. ಸೋವಿಯತ್ ಆಡಳಿತದಲ್ಲಿ, 1920ರ ದಶಕದಲ್ಲಿ, ಕುಶಲಕರ್ಮಿಗಳ ಸಹಕಾರ ಸಂಘವೂ ಹುಟ್ಟಿತು.

ಸಮಯ ಮೀರುತ್ತಿದೆ, ಜನಸಂಖ್ಯೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಊರಿನಲ್ಲಿರುವವರು ಸುಮಾರು 3,000 ಮಂದಿ. ಇವರ ಮಾತು ದಾರ್ಗಿನ್ ಭಾಷಾಗುಂಪಿಗೆ ಸೇರಿದ್ದು. ಕೆಲಸ ಅರಸಿ ನಗರಗಳಿಗೆ ಹೋದವರೂ ಅನೇಕರಿದ್ದಾರೆ. ಅವರಲ್ಲಿಯೂ ಬೆಳ್ಳಿಯ ಕೆಲಸವನ್ನೇ ಹಿಡಿದು ಬದುಕುವವರುಂಟು.