ದುಡ್ಡು ಯಾರದು ಸ್ವಾಮಿ?

ನಮಸ್ಕಾರ. ಜೆಕ್ ದೇಶದ ಒಂದು ಪಕ್ಷದ ಬಗ್ಗೆ ಮಾತು ಅಂದ ತಕ್ಷಣ ಕೆಲವರ ಕೈ ರೇಡಿಯೋ ಕಿವಿ ಹಿಂಡಲು ಹೋಗಿರುತ್ತದೆ. ಸ್ವಲ್ಪ ತಡೆಯಿರಿ. ನಿಮ್ಮ ಬಾಗಿಲ ಹತ್ತಿರ ಬಾಟಾ ಚಪ್ಪಲಿ ಇದೆಯಾ? ಅದು ಹುಟ್ಟಿದ್ದು ಆ ದೇಶದಲ್ಲಿ. ಝ್ಲೀನ್ ಅನ್ನುವ ಊರಲ್ಲಿ 1894ರಲ್ಲಿ ಶುರುವಾದ ಕಂಪನಿ. 1945ರಲ್ಲಿ ಅಲ್ಲಿನ ಸರ್ಕಾರ ಆ ಕಾರ್ಖಾನೆಯನ್ನು ತನ್ನದು ಮಾಡಿಕೊಂಡಿತು. 1948ರಲ್ಲಿ ಕಮ್ಯುನಿಸ್ಟರು ಬಂದರು. ಆಮೇಲೆ ಸಣ್ಣಪುಟ್ಟ ಅಂಗಡಿಗಳೂ ಮಾಲೀಕರ ಕೈ ತಪ್ಪಿದವು. ನಲವತ್ತು ವರ್ಷ ಹೀಗೇ ನಡೆಯಿತು.

1989ರ ನವೆಂಬರಿನಲ್ಲಿ ಪ್ರಾಗ್ ನಗರದ ಚೌಕದಲ್ಲಿ ಲಕ್ಷಾಂತರ ಜನ ಸೇರಿ, ಜೇಬಿನ ಬೀಗದಕೈ ಗೊಂಚಲು ತೆಗೆದು ಗಲಗಲ ಅಲ್ಲಾಡಿಸಿದರು. ಗುಂಡು ಹಾರದೆ ಸರ್ಕಾರ ಬಿತ್ತು. ಆ ಜನರನ್ನು ಮುಂದೆ ನಿಂತು ನಡೆಸಿದ್ದು ನಾಗರಿಕ ವೇದಿಕೆ. ಅದರ ನಾಯಕ ವಾಕ್ಲಾವ್ ಹಾವೆಲ್, ನಾಟಕಕಾರ. ಆದರೆ ಶತ್ರು ಹೋದ ಮೇಲೆ ಒಗ್ಗಟ್ಟು ಎಷ್ಟು ದಿನ ಇರುತ್ತದೆ? 1991ರಲ್ಲಿ ವೇದಿಕೆ ಒಡೆಯಿತು. ಅದರೊಳಗಿಂದ ಹೊರಬಂದದ್ದೇ ನಾನು ಹೇಳಬೇಕಾದ ಪಕ್ಷ, ಸಿವಿಕ್ ಡೆಮಾಕ್ರಟಿಕ್ ಪಾರ್ಟಿ. ಅಲ್ಲಿನವರು ಚಿಕ್ಕದಾಗಿ ಒಡಿಎಸ್ ಅನ್ನುತ್ತಾರೆ. ನಾಯಕ ಇನ್ನೊಬ್ಬ ವಾಕ್ಲಾವ್, ವಾಕ್ಲಾವ್ ಕ್ಲಾಸ್. ಅರ್ಥಶಾಸ್ತ್ರಜ್ಞ, ಆಗ ಹಣಕಾಸು ಮಂತ್ರಿ. ಪಕ್ಷದ ಮಾತು ಸರಳ: ತೆರಿಗೆ ಕಡಿಮೆ ಇರಲಿ, ಸರ್ಕಾರ ಚಿಕ್ಕದಿರಲಿ, ಮಾರುಕಟ್ಟೆಗೆ ಅಡ್ಡ ಬರಬೇಡಿ. ತಪ್ಪೇನಿಲ್ಲ. ಆದರೆ ಈ ಪಕ್ಷ ಒಂದು ಪ್ರಶ್ನೆ ಕೇಳುವುದನ್ನು ಮರೆಯಿತು. ದುಡ್ಡು ಯಾರದು ಸ್ವಾಮಿ? ಇವತ್ತು ನಾನು ಹೇಳಬೇಕೆಂದಿರುವುದು ಇದಿಷ್ಟೇ.

ನನ್ನ ಕೈಯಲ್ಲಿ ಒಂದು ಚಿಕ್ಕ ಪುಸ್ತಕ ಇದೆ. ನಿಮಗೆ ಕಾಣುವುದಿಲ್ಲ, ಕೇಳಿಸಲಿ ಅಂತ ಹಾಳೆ ತಿರುಗಿಸುತ್ತೇನೆ. ನಮ್ಮ ಬ್ಯಾಂಕ್ ಪಾಸ್‌ಬುಕ್ಕಿಗಿಂತ ತೆಳ್ಳಗಿದೆ. ಪ್ರಾಗ್‌ನ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಅಜ್ಜಿ ಹತ್ತಿರ ಕೊಂಡದ್ದು. "ಆಗ 1,035 ಕೊರುನಾ ಕೊಟ್ಟಿದ್ದೆ. ನೀನು 50 ಕೊಡು, ಸಾಕು" ಅಂತ ನಕ್ಕರು.

ಇದರ ಹೆಸರು ಕೂಪನ್ ಪುಸ್ತಕ. ದೇಶದ ಕಾರ್ಖಾನೆಗಳೆಲ್ಲ ಸರ್ಕಾರದ ಕೈಯಲ್ಲಿದ್ದವು, ಮಾರಬೇಕಿತ್ತು. ಕೊಳ್ಳಲು ಜನರ ಹತ್ತಿರ ಕಾಸಿಲ್ಲ. ಹಾಗಾದರೆ ಜನರಿಗೇ ಹಂಚಿಬಿಡೋಣ ಅಂತ ಕ್ಲಾಸ್ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿದರು. ಹದಿನೆಂಟು ತುಂಬಿದ ಯಾರಾದರೂ ಸರಿ, ಅಂಚೆ ಕಚೇರಿಗೆ ಹೋಗಬೇಕು. ಪುಸ್ತಕಕ್ಕೆ 35 ಕೊರುನಾ, ಅದರ ಮೇಲೆ ಅಂಟಿಸುವ ಸ್ಟಾಂಪಿಗೆ 1,000. ಹೆಚ್ಚುಕಡಿಮೆ ಒಂದು ವಾರದ ಸಂಬಳ. ಅದಕ್ಕೆ ಪ್ರತಿಯಾಗಿ 1,000 ಅಂಕ ಸಿಗುತ್ತದೆ. ಆ ಅಂಕ ಕೊಟ್ಟು ಬೇಕಾದ ಕಂಪನಿಯ ಷೇರು ತೆಗೆದುಕೊಳ್ಳಿ. ಮೊದಲ ಕಂತಿನಲ್ಲಿ ಸುಮಾರು 1,500 ಕಂಪನಿಗಳಿದ್ದವು. ಸ್ಕೋಡಾ ಕಾರು ಇತ್ತಾ ಅಂತ ಕೇಳಬೇಡಿ. ಅದನ್ನು 1991ರಲ್ಲೇ ಫೋಕ್ಸ್‌ವ್ಯಾಗನ್ ಹಿಡಿದುಕೊಂಡಿತ್ತು.

ಮೊದಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಪಿಂಗಾಣಿ ಕಾರ್ಖಾನೆ ಒಳ್ಳೆಯದೋ ಸಿಮೆಂಟ್ ಕಾರ್ಖಾನೆ ಒಳ್ಳೆಯದೋ ಅಂತ ಬಸ್ ಓಡಿಸುವವನಿಗೆ ಹೇಗೆ ಗೊತ್ತಾಗಬೇಕು? ಆಗ ಟಿವಿಯಲ್ಲಿ ಒಂದು ಜಾಹೀರಾತು ಬಂತು. ಅಮೆರಿಕದಲ್ಲಿ ಓದಿ ಬಂದ, ಮೂವತ್ತೂ ತುಂಬದ ವಿಕ್ಟರ್ ಕೊಜೆನಿ ಎಂಬಾತನ ಕಂಪನಿಯದು. ಹೆಸರು ಹಾರ್ವರ್ಡ್ ಅಂತ! ಆ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇವರು ಹೇಳಿದ್ದು ಏನು ಗೊತ್ತಾ? ನಿಮ್ಮ ಅಂಕ ನಮಗೆ ಕೊಡಿ, ಒಂದು ವರ್ಷ ಒಂದು ದಿನ ಕಳೆದ ಮೇಲೆ ಬನ್ನಿ, ಹತ್ತು ಪಟ್ಟು ಕೊಡುತ್ತೇವೆ.

ಚೀಟಿ ಹಾಕಿ ಕೈ ಸುಟ್ಟುಕೊಂಡವರು ಈಗ ಮುಗುಳ್ನಗುತ್ತಿರಬಹುದು. ಅಲ್ಲಿ ಮಾತ್ರ ಅಂಚೆ ಕಚೇರಿ ಮುಂದೆ ಸಾಲೋ ಸಾಲು. ಜೆಕ್, ಸ್ಲೊವಾಕ್ ಎರಡೂ ಆಗ ಒಂದೇ ದೇಶ, ಚೆಕೊಸ್ಲೊವಾಕಿಯಾ. ಅಲ್ಲಿನ ಒಂದೂವರೆ ಕೋಟಿ ಜನರಲ್ಲಿ ಸುಮಾರು 85 ಲಕ್ಷ ಜನ ಸೇರಿದರು. ಅಂದರೆ ವಯಸ್ಸಿಗೆ ಬಂದವರಲ್ಲಿ ಮುಕ್ಕಾಲು ಪಾಲು. ಪುಸ್ತಕದ ಮೇಲೆ ಹಣಕಾಸು ಮಂತ್ರಿಯ ಸಹಿ ಬೇರೆ. 1992ರ ಜೂನಿನಲ್ಲಿ ಚುನಾವಣೆ. ಇದಕ್ಕಿಂತ ಒಳ್ಳೆಯ ಕರಪತ್ರ ಯಾವ ಪಕ್ಷಕ್ಕೆ ಸಿಗುತ್ತದೆ ಹೇಳಿ! ಒಡಿಎಸ್ ಗೆದ್ದಿತು, ಕ್ಲಾಸ್ ಪ್ರಧಾನಿಯಾದರು.

ಸರಿ, ಅಂಕಗಳೆಲ್ಲ ಎಲ್ಲಿ ಹೋದವು? ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ ಹಾರ್ವರ್ಡ್ ಥರ ಜನರ ಅಂಕ ಕೂಡಿಹಾಕುವ ಫಂಡ್‌ಗಳ ಕೈಗೆ ಹೋದವು. ಫಂಡ್ ನಡೆಸುತ್ತಿರುವವರು ಯಾರು, ಅವರ ದುಡ್ಡು ಯಾರದು ಅಂತ ಕೇಳುವ ಕಾವಲುಗಾರನೇ ಇರಲಿಲ್ಲ. ಷೇರುಪೇಟೆ ತೆರೆದದ್ದು 1993ರಲ್ಲಿ. ಅದನ್ನು ಕಾಯುವ ಆಯೋಗ ಬಂದದ್ದು 1998ರಲ್ಲಿ! ಐದು ವರ್ಷ ಅಂಗಡಿ ಬಾಗಿಲು ತೆಗೆದಿಟ್ಟು ಮಾಲೀಕ ನಿದ್ದೆ ಮಾಡಿದ ಹಾಗೆ. ಒಳಗಿದ್ದವರು ಕಂಪನಿಯ ಆಸ್ತಿಯನ್ನು ತಮ್ಮದೇ ಇನ್ನೊಂದು ಕಂಪನಿಗೆ ಮೂರು ಕಾಸಿಗೆ ಮಾರಿದರು, ಖಾಲಿ ಡಬ್ಬ ಉಳಿಸಿದರು. ಜೆಕ್ ಜನ ಇದಕ್ಕೆ ಸುರಂಗ ತೋಡುವುದು ಅಂತ ಹೆಸರಿಟ್ಟರು. ಆ ಮಾತು ಈಗ ಅರ್ಥಶಾಸ್ತ್ರದ ಪಠ್ಯದಲ್ಲೇ ಸೇರಿದೆ. ಕೊಜೆನಿ ಬಹಾಮಾಸ್ ದ್ವೀಪಕ್ಕೆ ಹೋಗಿ ಕೂತರು. 2010ರಲ್ಲಿ ಪ್ರಾಗ್ ಕೋರ್ಟು ಹತ್ತು ವರ್ಷ ಶಿಕ್ಷೆ ಕೊಟ್ಟಿತು, ಕಟಕಟೆಯಲ್ಲಿ ಅವರು ಇರಲಿಲ್ಲ.

ನನಗೆ ಕೊಟ್ಟ ಹತ್ತು ನಿಮಿಷದಲ್ಲಿ ಮುಕ್ಕಾಲು ಭಾಗ ಈ ಪುಸ್ತಕವೇ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ದೇಶ ಎರಡಾದ ಕಥೆ, 1993ರ ಜನವರಿ 1ರದ್ದು, ಬಿಟ್ಟೇಬಿಡುತ್ತೇನೆ.

ಜನರ ದುಡ್ಡಿನ ವಿಷಯದಲ್ಲಿ ಕೇಳದವರು ಪಕ್ಷದ ದುಡ್ಡಿನ ವಿಷಯದಲ್ಲಿ ಕೇಳುತ್ತಾರಾ? ಒಡಿಎಸ್ ಲೆಕ್ಕಪುಸ್ತಕದಲ್ಲಿ 75 ಲಕ್ಷ ಕೊರುನಾ ದೇಣಿಗೆ ಇತ್ತು. ಕೊಟ್ಟವರು ಇಬ್ಬರು. ಒಬ್ಬರು ಹಂಗೇರಿಯವರು, ಇನ್ನೊಬ್ಬರು ಮಾರಿಷಸ್‌ನವರು, ಹೆಸರು ಕೇಳಿದರೆ ನಮ್ಮ ಉತ್ತರ ಭಾರತದವರು ಅನ್ನಬೇಕು. ಪತ್ರಕರ್ತರು ಹುಡುಕಿಕೊಂಡು ಹೋದರು. ಹಂಗೇರಿಯವರು ಎಂದೋ ತೀರಿಕೊಂಡಿದ್ದರು. ಮಾರಿಷಸ್‌ನವರಿಗೆ ಇಂಥದ್ದೊಂದು ಪಕ್ಷ ಇದೆ ಅಂತಲೇ ಗೊತ್ತಿರಲಿಲ್ಲ. ನಿಜವಾಗಿ ಕೊಟ್ಟದ್ದು ಹಿಂದೆ ಟೆನಿಸ್ ಆಡುತ್ತಿದ್ದ ಒಬ್ಬ ಉದ್ಯಮಿ. ಉಕ್ಕಿನ ಕಾರ್ಖಾನೆಯೊಂದನ್ನು ಸರ್ಕಾರದಿಂದ ಕೊಂಡ ವ್ಯವಹಾರದಲ್ಲಿ ಅವರಿದ್ದರು. 1997ರ ನವೆಂಬರಿನಲ್ಲಿ ಕ್ಲಾಸ್ ಸರಾಯೆವೋ ಪ್ರವಾಸದಲ್ಲಿದ್ದಾಗ, ಸ್ವಂತ ಪಕ್ಷದವರೇ ಪ್ರಾಗ್‌ನಿಂದ ರಾಜೀನಾಮೆ ಕೇಳಿದರು. ಸರ್ಕಾರ ಬಿತ್ತು. ಮುಂದೆ 2003ರಲ್ಲಿ ಅವರು ರಾಷ್ಟ್ರಾಧ್ಯಕ್ಷರಾಗಿ ಹತ್ತು ವರ್ಷ ಇದ್ದರು, ಅದು ಬೇರೆ ಮಾತು.

2013ರಲ್ಲಿ ಪಕ್ಷಕ್ಕೆ ನೂರಕ್ಕೆ ಎಂಟು ಮತವೂ ಬರಲಿಲ್ಲ. ಆಗ ಬಂದವರು ಪೆಟ್ರ್ ಫಿಯಾಲಾ, ಬ್ರನೋ ನಗರದ ಮಸಾರಿಕ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಮೇಷ್ಟ್ರು. ಮೇಷ್ಟ್ರಾದ್ದರಿಂದ ನನಗೆ ಸ್ವಲ್ಪ ಅಭಿಮಾನ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಇನ್ನೆರಡು ಪಕ್ಷಗಳನ್ನು ಜೊತೆ ಹಾಕಿಕೊಂಡು ಚುನಾವಣೆಗೆ ನಿಂತು 2021ರಲ್ಲಿ ಪ್ರಧಾನಿಯೂ ಆದರು. ಅವರ ಸರ್ಕಾರವಾದರೂ ಕೇಳಿತಾ? 2025ರಲ್ಲಿ ಅವರ ಪಕ್ಷದ್ದೇ ನ್ಯಾಯಮಂತ್ರಿ, ಮಾದಕವಸ್ತು ವ್ಯಾಪಾರದ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಒಬ್ಬನಿಂದ ಇಲಾಖೆಗೆ ಬಿಟ್‌ಕಾಯಿನ್ ದೇಣಿಗೆ ಪಡೆದರು. ಬೆಲೆ ಹತ್ತಿರ ಹತ್ತಿರ 100 ಕೋಟಿ ಕೊರುನಾ! ನ್ಯಾಯಮಂತ್ರಿ ಸ್ವಾಮಿ, ನ್ಯಾಯಮಂತ್ರಿ! ದುಡ್ಡು ಯಾರದು, ಎಲ್ಲಿಂದ ಬಂತು? ಮೇ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟರು.

ಅದೇ ವರ್ಷ ಅಕ್ಟೋಬರಿನ ಚುನಾವಣೆಯಲ್ಲಿ ಫಿಯಾಲಾ ಸೋತರು. ಗೆದ್ದವರು ಆಂದ್ರೇ ಬಾಬಿಷ್, ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬರು. ಅವರ ದುಡ್ಡಿನ ಕಥೆಗೆ ಇನ್ನೊಂದು ಹತ್ತು ನಿಮಿಷ ಬೇಕು. ನಿಲಯದವರು ಮತ್ತೆ ಕರೆದರೆ ಬರುತ್ತೇನೆ. ನಮಸ್ಕಾರ.