ಪೆಟ್ಟಿಗೆ ಕಟ್ಟುವಾಗ ಬಂದ ಅಳು

ಕೇಳುಗರಿಗೆ ನಮಸ್ಕಾರ.

ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಊರಿಗೆ ಹೊರಡುವ ಅಮ್ಮನನ್ನು ನೀವು ನೋಡಿಯೇ ಇರುತ್ತೀರಿ. ಕೈ ಬಟ್ಟೆ ಮಡಚುತ್ತಿರುತ್ತದೆ, ಕಣ್ಣು ಮಗಳ ಮೇಲೆ. 2014ರಲ್ಲಿ ಮುಂಬೈನ ಒಂದು ಮನೆಯಲ್ಲಿ ಹೀಗೇ ಆಯಿತು. ಬೆಂಗಳೂರಿಗೆ ಹೊರಟಿದ್ದವರು ಉಜ್ಜಲಾ ಪಡುಕೋಣೆ. ಅಲ್ಲಿಯವರೆಗೆ ಗಟ್ಟಿಯಾಗಿರುವಂತೆ ತೋರಿಸಿಕೊಂಡಿದ್ದ ಮಗಳು ದೀಪಿಕಾ ಇದ್ದಕ್ಕಿದ್ದಂತೆ ಅತ್ತುಬಿಟ್ಟರು.

ಕೆಲಸದಲ್ಲಿ ಏನಾದರೂ ಆಯಿತಾ? ಯಾರ ಜೊತೆಗಾದರೂ ಮನಸ್ತಾಪವಾ? ಯಾವ ಅಮ್ಮನಾದರೂ ಕೇಳುವುದು ಇದನ್ನೇ. ಮಗಳ ಬಳಿ ಉತ್ತರವಿರಲಿಲ್ಲ. 2013ರಲ್ಲಿ ಅವರ ಸಾಲು ಸಾಲು ಹಿಂದಿ ಚಿತ್ರಗಳು ಗೆದ್ದಿದ್ದವು. ಆದರೂ ಬೆಳಿಗ್ಗೆ ಎದ್ದರೆ ಹೊಟ್ಟೆಯೊಳಗೆ ಏನೋ ಖಾಲಿ ಖಾಲಿ. ಈ ಅಳು ಬೇರೆ ಥರದ್ದು ಎಂದು ಅಮ್ಮನಿಗೆ ಹೊಳೆಯಿತು. ಆಪ್ತಸಮಾಲೋಚಕರ ನೆರವು ಬೇಕು ಎಂದು ಹೇಳಿದವರೂ ಅವರೇ. ಅದು ಖಿನ್ನತೆ ಎಂದು ಆಮೇಲೆ ತಿಳಿಯಿತು.

ಈ ಕತೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಆ ಕೋಣೆಯಲ್ಲೇ. ಬಹಳ ಮನೆಗಳಲ್ಲಿ ಮುಂದಿನ ಮಾತು ಏನಿರುತ್ತಿತ್ತು, ಹೇಳಿ? "ಉಣ್ಣೋಕಿದೆ, ಉಡೋಕಿದೆ, ನಿನಗೇನು ಬಂದಿದೆ ಧಾಡಿ?" ಇದನ್ನು ನಾನೂ ಅಂದಿದ್ದೇನೆ, ಅನ್ನಿಸಿಕೊಂಡೂ ಇದ್ದೇನೆ. ಜ್ವರ ಬಂದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಖಿನ್ನತೆಗೆ ಮಾತ್ರ ಕಾರಣದ ಚೀಟಿ ಬೇಕು ನಮಗೆ.

ದೀಪಿಕಾ ಮೊದಮೊದಲು ಮಾತ್ರೆ ಬೇಡವೆಂದರು. ಬರೀ ಮಾತುಕತೆ ಸಾಲಲಿಲ್ಲ; ಮನೋವೈದ್ಯರನ್ನು ಕಂಡು ಔಷಧಿ ತೆಗೆದುಕೊಂಡರು. 2015ರಲ್ಲಿ ಇದನ್ನು ಪತ್ರಿಕೆಗೆ ಹೇಳಿದರು. ಆಮೇಲೆ ಟಿವಿಯಲ್ಲಿ ಕೂತೂ ಹೇಳಿದರು, ಅಮ್ಮನೂ ಜೊತೆಗಿದ್ದರು. ಆಗವರು ಬೇಡಿಕೆಯ ತುತ್ತತುದಿಯಲ್ಲಿದ್ದ ನಟಿ, ಮದುವೆಯಾಗದ ಹೆಣ್ಣುಮಗಳು. "ಮನೋವೈದ್ಯರ ಹತ್ತಿರ ಹೋಗಿದ್ದೆ" ಎಂದರೆ ಸಂಬಂಧ ತಪ್ಪೀತೆಂದು ಬಾಯಿಗೆ ಬೀಗ ಹಾಕುವ ಸಮಾಜ ನಮ್ಮದು. ಇನ್ನೊಂದು ವಿಷಯ. "ಗೆದ್ದುಬಂದೆ" ಎಂದು ಅವರು ಬೀಗಲಿಲ್ಲ. ಮರುಕಳಿಸೀತೆಂಬ ಭಯ ಇದ್ದೇ ಇದೆ ಎಂದು ವರ್ಷಗಳ ನಂತರವೂ ಹೇಳಿದರು. ನನಗೆ ಹೆಚ್ಚು ನಂಬಿಕೆ ಬಂದದ್ದು ಆ ಮಾತಿನಿಂದ.

"ಅದೆಲ್ಲ ದುಡ್ಡಿದ್ದವರ ಕಾಯಿಲೆ" ಎನ್ನುವವರಿದ್ದಾರೆ. ನಮ್ಮ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿದೆ. ಒಂದು ಬಸ್ಸಿನಲ್ಲಿ ಎರಡು ಮೂರು ಜನರಾದರು. ಅವರೆಲ್ಲ ಸಿನಿಮಾದವರೇನಲ್ಲವಲ್ಲ! ಮಾನಸಿಕ ಆರೋಗ್ಯಕ್ಕಾಗಿ ದೀಪಿಕಾ 2015ರಲ್ಲಿ ಕಟ್ಟಿದ ಪ್ರತಿಷ್ಠಾನ ಹಳ್ಳಿಯ ಕೆಲಸ ಶುರುಮಾಡಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಅಲ್ಲಿಯ ಕಷ್ಟವೇ ಬೇರೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು, ಮೇಲೆ ಬಸ್ ಚಾರ್ಜು. ಬಾಯಿಬಿಟ್ಟು ಹೇಳುವ ಧೈರ್ಯವೊಂದೇ ಅಲ್ಲಿ ಸಾಲದು, ಮಾತ್ರೆ ಊರ ಹತ್ತಿರವೇ ಸಿಗಬೇಕು.

ಅಷ್ಟು ದೂರ ಹೋಗಲಾರದವರಿಗೆ 2022ರಿಂದ ಸರ್ಕಾರದ ಟೆಲಿ ಮಾನಸ್ ಇದೆ. ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು; ಹಗಲು ರಾತ್ರಿ, ಪುಕ್ಕಟೆ. ಸಂಖ್ಯೆ 14416. ಪೆನ್ನು ಹುಡುಕುತ್ತಿರುವವರಿಗೆ ಇನ್ನೊಂದು ಸಲ, ನಿಧಾನವಾಗಿ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.